ಸುಬ್ಬಿ ಹೊಡೆಯದ ಮೂರು ಮಿಸ್‌ಕಾಲ್

ಹೊನ್ನಾವರದಲ್ಲಿ ಬೋಟುಗಳು ಬಂದು ನಿಲ್ಲುವ ಮೀನು ಧಕ್ಕೆಯಲ್ಲಿ ಸುಬ್ಬಿ ಖಾಲಿ ಬುಟ್ಟಿಗಳನ್ನು ನೆಲಕ್ಕೆ ಕುಕ್ಕಿದ ಸದ್ದಿಗೆ ಐಸು ಒಡೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಬೆಳಗಿನ ಏಳೂಕಾಲು. ಬೋಟು ದಡಕ್ಕೆ ಹತ್ತಿ ಮುಕ್ಕಾಲು ತಾಸಾಗಿತ್ತು. ದಿನವೂ ಅವಳಿಗೆಂದು ಗೋಣಿಚೀಲ ಮುಚ್ಚಿ ಇಡುತ್ತಿದ್ದ ಎರಡು ಬುಟ್ಟಿ ಬಂಗಡೆಯ ಜಾಗದಲ್ಲಿ ಒದ್ದೆ ಸಿಮೆಂಟು ಮಾತ್ರ ಇತ್ತು.

"ನನ್ನ ಮೀನು ಎಲ್ಲಿ ಮೋಹನ?"

ಮೋಹನ ಆ ಬೋಟಿನ ಮೀನು ಹರಾಜು ಹಾಕುವವನು. ಸುಬ್ಬಿಗಿಂತ ಹತ್ತು ವರ್ಷ ಚಿಕ್ಕವನು. ಅವಳ ಮುಖ ನೋಡಿಯೇ ಒಂದು ಹೆಜ್ಜೆ ಹಿಂದೆ ಸರಿದ.

"ನರೇಶ ಒಯ್ದ, ಸುಬ್ಬಕ್ಕ."

"ನರೇಶ ಯಾರು ನನ್ನ ಮೀನು ಒಯ್ಯೂಕೆ?"

"ಎಂತ ಮಾತಾಡ್ತೆ ಮಾರಾಯ್ತಿ! ಬರೂದಿಲ್ಲ ಅಂತ ನೀನೇ ಹೊಡದ್ಯಲ್ಲ? ಮೂರು ಸಲ. ಎಣಿಸಿದೆ ನಾನು."

"ನಾ ಹೊಡದದ್ದು ಒಂದೇ."

"ಒಂದು ಹೊಡದೆ. ಎಲ್ಲಿಗೆ ಮುಟ್ಟಿದೆ ಅಂತ ನಾ ಮತ್ತೊಂದು ಹೊಡದ್ರೆ ತಿರುಗಿ ಮೂರು ಹೊಡದೆ. ಮೊದ್ಲು ಬರ್ತೆ ಅಂದೆ, ಮತ್ತೆ ಬರೂದಿಲ್ಲ ಅಂದೆ. ನೀ ಮನಸ್ಸು ಗಟ್ಟಿ ಮಾಡೂತನಕ ಬಂಗಡೆ ಕಾಯ್ತದ್ಯ?"

ಮೋಹನ ಫೋನು ತೆಗೆದು ತೋರಿಸಿದ. ಅವಳ ಹೆಸರಿನ ಮುಂದೆ ನಾಲ್ಕು ಮಿಸ್‌ಕಾಲ್ ಇದ್ದವು. ಐದು ಐವತ್ತೆರಡಕ್ಕೆ ಒಂದು. ಆರು ಹದಿನಾಲ್ಕಕ್ಕೆ ಒಂದು, ಹದಿನೈದಕ್ಕೆ ಎರಡು. ಆರು ಹದಿನಾಲ್ಕಕ್ಕೆ ಸುಬ್ಬಿ ಕುಮಟಾದಿಂದ ಹೊರಟ ಬಸ್ಸಿನಲ್ಲಿ ನಿಂತಿದ್ದಳು. ಒಂದು ಕೈ ಮೇಲಿನ ಸರಳಿನಲ್ಲಿತ್ತು, ಇನ್ನೊಂದು ಬುಟ್ಟಿಯ ಮೇಲೆ. ಫೋನು ಸೊಂಟದ ಸಂಚಿಯಲ್ಲಿತ್ತು.

"ಈ ತಿಂಗಳಲ್ಲಿ ಇದು ಎರಡನೇ ಸಲ, ಸುಬ್ಬಕ್ಕ," ಎಂದ ಮೋಹನ, ದನಿ ತಗ್ಗಿಸಿ. "ಇನ್ನೊಂದು ಸಲ ಹಿಂಗಾದ್ರೆ ನಿನ್ನ ಪಾಲು ಖಾಯಂ ನರೇಶಂಗೇ. ನಂಗೆ ಬೇರೆ ದಾರಿ ಇಲ್ಲ. ತೆಗೆದಿಟ್ಟ ಮೀನು ಕೊಳೆತ್ರೆ ಬೋಟಿನೋರು ನನ್ನ ಕೇಳ್ತಾರೆ."

ಸುಬ್ಬಿಯ ಊರು ಕುಮಟಾ ಹತ್ತಿರದ ಹೊಳನಗದ್ದೆ. ಅಲ್ಲಿಯ ನಲವತ್ತು ಮನೆಗಳಿಗೆ ಅವಳು ಮೀನು ಒಯ್ಯುತ್ತಾಳೆ. ಯಾವ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ, ಯಾವ ಮನೆಯ ಅಜ್ಜನಿಗೆ ಮುಳ್ಳು ಕಡಿಮೆಯ ನೊಗ್ಲಿ ಮೀನೇ ಬೇಕು, ಎಲ್ಲ ಅವಳ ತಲೆಯಲ್ಲಿದೆ. ಹತ್ತು ಗಂಟೆಯೊಳಗೆ ಅವಳು ಓಣಿಗೆ ಬಾರದಿದ್ದರೆ ನರೇಶನ ಬೈಕು ಬರುತ್ತದೆ, ಹಿಂದೆ ಥರ್ಮಾಕೋಲ್ ಪೆಟ್ಟಿಗೆ, ಮುಂದೆ ಪೋಂ ಪೋಂ ಹಾರ್ನು. ಪಾಲು ಹೋದರೆ ಓಣಿ ಹೋಯಿತು. ಓಣಿ ಹೋದರೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಸುಬ್ಬಿ ಬೇರೆ ಯಾವ ಓಣಿ ಹುಡುಕಬೇಕು?

ಆ ಮಿಸ್‌ಕಾಲಿನ ಭಾಷೆಯನ್ನು ಕಟ್ಟಿದವಳು ಅವಳೇ. ಹದಿನೇಳು ವರ್ಷದ ಹಿಂದೆ, ಫೋನಿನಲ್ಲಿ ಮಾತಾಡಿದರೆ ದುಡ್ಡು ಹೋಗುತ್ತಿದ್ದ ಕಾಲದಲ್ಲಿ. ಬೋಟು ಸಮುದ್ರದಿಂದ ಅಳಿವೆ ದಾಟಿ ಹೊಳೆಯೊಳಗೆ ಬಂತೆಂದರೆ ಮೋಹನ ಒಂದು ರಿಂಗು ಹೊಡೆದು ಕಟ್ ಮಾಡುತ್ತಾನೆ. ಬೋಟು ಬರದಿದ್ದರೆ ಎರಡು. ಸುಬ್ಬಿ ತಿರುಗಿ ಒಂದು ಹೊಡೆದರೆ 'ಎರಡು ಬುಟ್ಟಿ ತೆಗೆದಿಡು, ಹೊರಟೆ' ಎಂದರ್ಥ. ಮೂರು ಹೊಡೆದರೆ 'ಇವತ್ತು ಬರುವುದಿಲ್ಲ, ಬೇರೆಯವರಿಗೆ ಕೊಡು'. ಯಾರೂ ಫೋನು ಎತ್ತಬಾರದು, ಎತ್ತಿದರೆ ದಂಡ. ಬರುವುದಿಲ್ಲ ಎಂಬುದಕ್ಕೆ ಮೂರೇ ಏಕೆ ಎಂದು ಮೋಹನ ಆಗ ಕೇಳಿದ್ದ. "ಒಂದು, ಎರಡು ಕೈತಪ್ಪಿ ಹೋಗ್ತದೆ ತಮ್ಮಾ. ಮೂರು ಕೈತಪ್ಪಿ ಹೋಗೂದಿಲ್ಲ," ಎಂದಿದ್ದಳು ಸುಬ್ಬಿ.

ಅವಳ ಹಳೆಯ ಗುಂಡಿಯ ಫೋನಿನಲ್ಲಿ ಆ ಮಾತು ಸುಳ್ಳಾಗಿರಲಿಲ್ಲ. ಅದು ಎರಡು ಸಲ ಐಸು ನೀರಿಗೆ ಬಿದ್ದಿತ್ತು, ಒಂದು ಸಲ ಬಂಗಡೆಯ ಜೊತೆ ಗಿರಾಕಿಯ ಪಾತ್ರೆಗೇ ಹೋಗಿ ಸಂಜೆ ತಿರುಗಿ ಬಂದಿತ್ತು. ಬ್ಯಾಟರಿಯ ಮುಚ್ಚಳಕ್ಕೆ ರಬ್ಬರು ಹಾಕಿದ್ದಳು. ಹದಿನಾರು ವರ್ಷ ದುಡಿದು ಕಳೆದ ಮಳೆಗಾಲದಲ್ಲಿ ಅದು ತಣ್ಣಗಾಯಿತು. ಅಷ್ಟರಲ್ಲಿ ಹೊಳನಗದ್ದೆಯ ಮನೆಗಳು ವಾಟ್ಸಾಪಿನಲ್ಲಿ ಮೀನಿನ ಫೋಟೋ ಕೇಳುವುದಕ್ಕೆ ಶುರುಮಾಡಿದ್ದವು. ನರೇಶ ಕಳಿಸುತ್ತಿದ್ದ, ಸುಬ್ಬಿ ಕಳಿಸುವುದು ಬೇಡವೇ? ಕುಮಟಾದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ದಿವ್ಯಶ್ರೀ ತನ್ನ ಸಂಬಳದಲ್ಲಿ ಈ ಗಾಜಿನ ಹಲಗೆಯನ್ನು ತಂದುಕೊಟ್ಟಳು. ಮಗಳು ಕೊಟ್ಟದ್ದೆಂದು ಸುಬ್ಬಿ ಮೊದಲ ತಿಂಗಳು ಬಾಯಿ ಕಟ್ಟಿಕೊಂಡಿದ್ದಳು.

ಎಷ್ಟು ದಿನ ಕಟ್ಟಿಕೊಂಡಾಳು? ಬೆಳಿಗ್ಗೆ ತುಂಬಿದ ಚಾರ್ಜು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತಿತ್ತು. ಫೋಟೋ ತೆಗೆಯಲು ಹೋದರೆ ಮೂರು ನಿಮಿಷ ಬಿಳಿ ಚಕ್ರ ತಿರುಗುತ್ತಿತ್ತು, ಅಷ್ಟರಲ್ಲಿ ಗಿರಾಕಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಿಸಿಲಿಗೆ ಹಿಡಿದರೆ ಕಪ್ಪಾಗುತ್ತಿತ್ತು, ನೆರಳಿಗೆ ಒಯ್ದರೆ 'ಅಪ್‌ಡೇಟ್ ಮಾಡಲೇ' ಎಂದು ಕೇಳುತ್ತಿತ್ತು. ಬೆರಳಿಟ್ಟರೆ ತೆರೆಯುತ್ತದೆ ಎಂದಿದ್ದರು, ಮೀನು ಕೊಯ್ದು ಕೊಯ್ದು ಸವೆದ ಅವಳ ಬೆರಳನ್ನು ಅದು ಒಂದು ದಿನವೂ ಗುರುತಿಸಲಿಲ್ಲ. ಒದ್ದೆ ಕೈಯಲ್ಲಿ ಗೆರೆ ಎಳೆದರೂ ಕೇಳಲಿಲ್ಲ. ಸಾಕಾಗಿ ಸುಬ್ಬಿ ಲಾಕನ್ನೇ ತೆಗೆಸಿಬಿಟ್ಟಳು.

ಕುಮಟಾದ ರಿಪೇರಿ ಅಂಗಡಿಯ ಕೃಷ್ಣಾನಂದ ಮೊದಲ ಸಲ "ಸ್ಟೋರೇಜ್ ತುಂಬಿದ್ದು" ಎಂದು ಹೇಳಿ ಅವಳ ಮೀನಿನ ಫೋಟೋಗಳನ್ನೆಲ್ಲ ಒರೆಸಿಹಾಕಿದ. ಎರಡನೇ ಸಲ "ವೈರಸ್ಸು" ಎಂದ. ಮೂರನೇ ಸಲ ಫೋನನ್ನು ಮೂಗಿನ ಹತ್ತಿರ ಒಯ್ದು, ಮುಖ ಸಿಂಡರಿಸಿ, "ಇದನ್ನ ಕಂಪನಿಯವರಿಗೇ ತೋರಿಸೂಕೆ ಬೇಕು. ಭಟ್ಕಳಕ್ಕೆ ಹೋಗಿ," ಎಂದ.

"ನಾಲ್ಕು ದಿನ ಇಟ್ಕೊಂಡು ಇದನ್ನ ಹೇಳೂಕೆ ಮೂಗು ಬೇಕಾಯ್ತಾ ನಿಂಗೆ?" ಎಂದು ಕೇಳಿ ಸುಬ್ಬಿ ಇಳಿದು ಬಂದಿದ್ದಳು.

ಮೀನು ಇಲ್ಲದ ಈ ದಿನ ಅವಳು ಮನೆಗೆ ಹೋಗಲಿಲ್ಲ. ಖಾಲಿ ಬುಟ್ಟಿಗಳೊಂದಿಗೇ ಭಟ್ಕಳದ ಬಸ್ಸು ಹತ್ತಿದಳು. ಸರ್ವಿಸ್ ಸೆಂಟರಿನಲ್ಲಿ ತಂಪು ಗಾಳಿ, ಗಾಜಿನ ಬಾಗಿಲು. ಬುಟ್ಟಿ ಹೊರಗಿಡಿ ಎಂದರು, ಇಟ್ಟಳು. ಚೀಟಿ ಕೊಟ್ಟರು, ಎರಡು ತಾಸು ಕೂತಳು. ಕೌಂಟರಿನ ಹುಡುಗಿ ಫೋನಿನ ಸಿಮ್ಮಿನ ಸಂದಿಯನ್ನು ಟಾರ್ಚಿನಲ್ಲಿ ನೋಡಿ, "ಅಮ್ಮ, ಒಳಗಿನ ಬಿಳಿ ಚುಕ್ಕೆ ಕೆಂಪಾಗಿದೆ. ನೀರು ಹೋಗಿದೆ. ವಾರಂಟಿ ಇಲ್ಲ," ಎಂದಳು.

"ನಾನು ಮೀನು ಮಾರೋಳು. ನೀರು ಹೋಗದೆ ಎಂತ ಹೋಗ್ತದೆ?"

"ಒದ್ದೆ ಕೈಯಲ್ಲಿ ಮುಟ್ಟಬಾರದು ಅಮ್ಮ. ಕೈ ಒರೆಸಿಕೊಂಡು ಮುಟ್ಟಬೇಕು."

"ನನ್ನ ಕೈ ಒಣಗೂದು ನಾ ಮಲಗಿದ ಮೇಲೆ. ಆಗ ಯಾರಿಗೆ ಫೋನ್ ಮಾಡ್ಲಿ? ಸಮುದ್ರದ ಊರಲ್ಲಿ ಅಂಗಡಿ ಹಾಕೀರಿ. ಉಪ್ಪುನೀರು ಮುಟ್ಟದ ಕೈ ಇಲ್ಲಿ ಎಷ್ಟು ಸಿಕ್ತದೆ ನಿಮ್ಗೆ? ಮಾರೂವಾಗ ಹೇಳೂಕೆ ಬರೂದಿಲ್ವಾ, ಮೀನು ಮುಟ್ಟೋರಿಗೆ ಇದು ಆಗೂದಿಲ್ಲ ಅಂತ?"

ಹುಡುಗಿ ತಲೆ ತಗ್ಗಿಸಿ ಇನ್ನೊಂದು ಚೀಟಿ ಬರೆದುಕೊಟ್ಟಳು. ಅದರಲ್ಲಿ 'ಗ್ರಾಹಕರ ತಪ್ಪು' ಎಂಬ ಸಾಲಿನ ಮುಂದೆ ಗುರುತು ಹಾಕಿತ್ತು. ಆ ಇಂಗ್ಲಿಷ್ ಚೀಟಿಯನ್ನು ಸುಬ್ಬಿ ಬಸ್ಸಿನಲ್ಲಿ ಪಕ್ಕದವರಿಂದ ಓದಿಸಿ, ಮಡಚಿ ಸಂಚಿಗೆ ತುರುಕಿದಳು. ಮೀನು ಹೋದದ್ದಕ್ಕಿಂತ ಅವಳನ್ನು ಸುಟ್ಟದ್ದು ಬೇರೆ. ತನ್ನ ಹೆಸರಿನಲ್ಲಿ, ತಾನೇ ಕಟ್ಟಿದ ಭಾಷೆಯಲ್ಲಿ, ಸಂಚಿಯೊಳಗೆ ಕೂತ ಈ ವಸ್ತು ಸುಳ್ಳು ಹೇಳಿತ್ತು. ತಪ್ಪು ಮಾತ್ರ ಅವಳದಂತೆ.

ಸಂಜೆ ದಿವ್ಯಶ್ರೀ ಕೆಲಸದಿಂದ ಬಂದಾಗ ಅಡುಗೆಮನೆಯ ನೆಲದಲ್ಲಿ ಸುಬ್ಬಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಫೋನು, ಒಗೆದು ಒಣಗಿಸಿದ ಒಂದು ಬಟ್ಟೆ, ಎರಡು ಬಟ್ಟಲು ನೀರು.

"ಎಂತ ಆಯಿ ಇದು, ಪೂಜೆಯಾ?"

"ಶ್ರಾದ್ಧ. ಚಾ ಕುಡಿ, ಆಮೇಲೆ ನಂಗೆ ಒಂದೊಂದೇ ಮಿಸ್‌ಕಾಲ್ ಹೊಡಿ. ನಾ ನಿಲ್ಸು ಅನ್ನೂತನಕ."

ಮೊದಲು ಒಣ ಬಟ್ಟೆಯಲ್ಲಿ ಫೋನು ಸುತ್ತಿಟ್ಟಳು. ಹತ್ತು ಸಲ ದಿವ್ಯಶ್ರೀ ಹೊಡೆದಳು, ಫೋನು ಸುಮ್ಮನಿತ್ತು. ಬಟ್ಟೆಯನ್ನು ಬಾವಿ ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿದಳು. ಹತ್ತರಲ್ಲಿ ಒಂದು ಸಲ ಮಾತ್ರ ದಿವ್ಯಶ್ರೀಯ ಫೋನು ತಿರುಗಿ ಬಡಿದುಕೊಂಡಿತು. ಆಮೇಲೆ ಇನ್ನೊಂದು ಬಟ್ಟಲಿನ ಉಪ್ಪುನೀರಿನಲ್ಲಿ ಅದ್ದಿ ಹಿಂಡಿದಳು. ಹತ್ತರಲ್ಲಿ ಏಳು.

ಏಳನೆಯ ಸಲ ಸುಬ್ಬಿ ಬಟ್ಟೆಯ ಸಂದಿಯಿಂದ ಇಣುಕಿ ನೋಡಿದಳು. ಮಿಸ್‌ಕಾಲ್ ಬಂದೊಡನೆ ಗಾಜಿನ ಮೇಲೆ ಹೆಸರು ಮೂಡುತ್ತಿತ್ತು. ಹೆಸರಿನ ಕೆಳಗೆ 'ಮರಳಿ ಕರೆ ಮಾಡಿ' ಎಂಬ ಗುಂಡಿ. ಒದ್ದೆ ಬಟ್ಟೆಯ ಮಡಿಕೆ ಅದರ ಮೇಲೆ ಕೂರುತ್ತಿತ್ತು. ಉಪ್ಪುನೀರು ಯಾವುದು, ಬೆರಳು ಯಾವುದು ಎಂದು ಆ ಗಾಜಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ ಕರೆ ಹೋಗಿ, ಮಡಿಕೆ ಕೆಂಪು ಗುಂಡಿಗೆ ತಾಗಿ ಕಟ್ ಆದರೆ ಕರೆ ಮಾಡಿದವರ ಪಟ್ಟಿ ತೆರೆದುಕೊಂಡು, ಅದೇ ಹೆಸರು ಮೇಲೆಯೇ ನಿಂತಿರುತ್ತಿತ್ತು. ಮತ್ತೊಂದು ಮಡಿಕೆ ತಾಗಿದರೆ ಮತ್ತೊಂದು ಕರೆ.

"ಆದ್ರೆ ಬೆಳಿಗ್ಗೆ ನೀ ಮೀನು ಮುಟ್ಟಿರೂದಿಲ್ಲ ಅಲ್ದಾ ಆಯಿ? ಸಂಚಿ ಒಣಗಿರ್ತದೆ."

ಸುಬ್ಬಿ ಸೊಂಟದಿಂದ ಸಂಚಿ ಬಿಚ್ಚಿ ಮಗಳ ಕೆನ್ನೆಗೆ ಒತ್ತಿದಳು. ತಂಪಾಗಿತ್ತು. ವರ್ಷಗಟ್ಟಲೆ ಉಪ್ಪು ಕುಡಿದ ಬಟ್ಟೆ ಈ ಕರಾವಳಿಯ ಗಾಳಿಯಲ್ಲಿ ಪೂರ್ತಿ ಒಣಗುವುದೇ ಇಲ್ಲ.

"ಪ್ಲಾಸ್ಟಿಕ್ ಕವರಲ್ಲಿ ಹಾಕುವ. ಇಲ್ಲ, ಬೇರೆ ಗುಂಡಿ ಫೋನು ತೆಗೆಯುವ," ಎಂದಳು ದಿವ್ಯಶ್ರೀ. ದನಿ ಸ್ವಲ್ಪ ಇಳಿದಿತ್ತು. ತಂದವಳು ಅವಳಲ್ಲವೇ?

"ನೀ ತಂದದ್ದಕ್ಕೆ ನಾ ಬೈತಾ ಇಲ್ಲ ಮಗಾ. ಮಾಡಿದೋರಿಗೆ ಬೈತಾ ಇದ್ದೆ. ಕವರು ಆಮೇಲೆ. ಮೊದ್ಲು ಆ ಮೋಹನಂಗೆ ನನ್ನ ಕೈ ತೋರಿಸೂಕೆ ಉಂಟು."

ಮರುದಿನ ಧಕ್ಕೆಯಲ್ಲಿ ಸುಬ್ಬಿ ತಲೆಕೆಳಗಾಗಿಸಿದ ಐಸು ಪೆಟ್ಟಿಗೆಯ ಮೇಲೆ ಸಂಚಿ ಇಟ್ಟಳು, ಫೋನು ಒಳಗೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮೇಲೆತ್ತಿದಳು.

"ಈಗ ಒಂದು ಹೊಡಿ ಮೋಹನ."

"ಎಂತ ಸುಬ್ಬಕ್ಕ, ಪೊಲೀಸರು ಹಿಡಿದ್ರಾ?" ನರೇಶ ಬೈಕಿನ ಮೇಲಿಂದ ಕೂಗಿದ. ಐಸಿನವರು ನಕ್ಕರು.

ಮೋಹನ ಹೊಡೆದ. ಸಂಚಿಯೊಳಗೆ ಒಂದು ಸಲ ಸದ್ದಾಗಿ ನಿಂತಿತು. ಏನೂ ಆಗಲಿಲ್ಲ. ನರೇಶ ಮತ್ತೆ ಬಾಯಿ ತೆರೆದ: "ಸುಬ್ಬಕ್ಕನ ಫೋನಿಗೆ ನನ್ನ ಮೇಲೇ ಪ್ರೀತಿ, ಮೀನು ನಂಗೇ ಕೊಡು ಅಂತದೆ!"

"ಇನ್ನೊಂದು ಹೊಡಿ," ಎಂದಳು ಸುಬ್ಬಿ. ಕೈ ಇಳಿಸಲಿಲ್ಲ.

ಮೋಹನ ಹೊಡೆದು ಕಟ್ ಮಾಡಿದ. ಎರಡು ಉಸಿರಿನಷ್ಟು ಹೊತ್ತು. ಅವನ ಅಂಗೈಯಲ್ಲೇ ಫೋನು ಬಡಿದುಕೊಂಡಿತು. ಗಾಜಿನ ಮೇಲೆ 'ಸುಬ್ಬಕ್ಕ'. ಅವನು ಅದನ್ನು ನೋಡಿದ, ಅವಳ ಎತ್ತಿದ ಕೈಗಳನ್ನು ನೋಡಿದ. ಅದು ನಿಂತಿತು. ಮತ್ತೆ ಬಡಿಯಿತು. ನಿಂತಿತು. ಮತ್ತೆ.

"ಎಣಿಸಿದ್ಯಾ?" ಸುಬ್ಬಿ ಕೇಳಿದಳು.

"ಮೂರು," ಎಂದ ಮೋಹನ. ನರೇಶನ ನಗು ಎಲ್ಲೋ ಬಿದ್ದುಹೋಗಿತ್ತು.

"ನಾ ಬರೂದಿಲ್ಲ ಅಂತ ಈ ಹದಿನೇಳು ವರ್ಷದಲ್ಲಿ ಎಷ್ಟು ಸಲ ಹೊಡದೆ, ಹೇಳು."

ಮೋಹನ ಯೋಚಿಸಿದ. "ನಿನ್ನ ಗಂಡ ಹೋದಾಗ. ನೆರೆ ಬಂದಾಗ. ದಿವ್ಯಾಂಗೆ ಟೈಫಾಯ್ಡ್ ಆದಾಗ ಎರಡು ದಿನ. ನಾಲ್ಕು."

"ನಾಲ್ಕು. ಈ ದರಿದ್ರದ್ದು ಒಂದೇ ತಿಂಗಳಲ್ಲಿ ಎರಡು ಸಲ ಹೇಳ್ತು, ನೀ ಅದನ್ನ ನಂಬಿದೆ! ಇವತ್ತಿಂದ ಕೇಳು. ನನ್ನ ಕಡೆಯಿಂದ ರಿಂಗು ಎಷ್ಟೇ ಬರ್ಲಿ, ಅದು ನಾನಲ್ಲ. ಬರೂದಿಲ್ಲ ಅಂದ್ರೆ ಫೋನ್ ಮಾಡಿ ಬಾಯಲ್ಲಿ ಹೇಳ್ತೆ. ನೀ ಎತ್ತೂಕೆ ಬೇಕು. ಇದ್ರಿಂದ ಆಗದೆ ಹೋದ್ರೆ ದಿವ್ಯಾ ಫೋನಿಂದ ಹೇಳ್ತೆ. ನನ್ನ ಬಾಯಿ ಕೇಳೂತನಕ ಆ ಎರಡು ಬುಟ್ಟಿ ನಂದು."

"ಮಾತಾಡೂದಾ? ಫೋನಲ್ಲಾ?" ಮೋಹನ ಗಲಿಬಿಲಿಗೊಂಡ. ಇಷ್ಟು ವರ್ಷದಲ್ಲಿ ಅವರಿಬ್ಬರೂ ಫೋನಿನಲ್ಲಿ ಒಂದು ಮಾತೂ ಆಡಿರಲಿಲ್ಲ.

"ಈಗ ಮಾತಿಗೆ ದುಡ್ಡಿಲ್ಲ ಮಾರಾಯ. ಆತಾ?"

"ಆತು."

ಮೂರನೆಯ ದಿನ ಮಳೆ ಹನಿಯುತ್ತಿತ್ತು. ಕುಮಟಾದ ಬಸ್ಸು ತಡವಾಗಿ, ಸುಬ್ಬಿ ಧಕ್ಕೆ ಮುಟ್ಟುವಾಗ ಏಳೂವರೆ ದಾಟಿತ್ತು. ದಿವ್ಯಶ್ರೀ ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರಿನ ಒಳಗೇ ಬೆವರು ಕೂತಿತ್ತು. ಓಟದ ನಡಿಗೆಯಲ್ಲಿ ಬಂದವಳ ಕಣ್ಣು ಮೊದಲು ಹೋದದ್ದು ಸಿಮೆಂಟಿನ ಆ ಮೂಲೆಗೆ. ಗೋಣಿಚೀಲ ಉಬ್ಬಿಕೊಂಡಿತ್ತು. ಮೇಲೆ ಒಂದು ಕಲ್ಲು ಹೇರಿತ್ತು. ನರೇಶ ದೂರದಲ್ಲಿ ತಾರ್ಲೆ ಮೀನಿನ ಹರಾಜಿಗೆ ಕೂಗುತ್ತಿದ್ದ.

"ಇವತ್ತು ಐದು ಹೊಡೀತು," ಎಂದ ಮೋಹನ, ಗಂಭೀರವಾಗಿ. "ಐದಕ್ಕೆ ಎಂತ ಅರ್ಥ ಸುಬ್ಬಕ್ಕ?"

"ಅದನ್ನ ಮಾಡಿದೋನ ಅಪ್ಪನ ಹತ್ರ ಕೇಳು," ಎಂದು ಸುಬ್ಬಿ ಕಲ್ಲು ತೆಗೆದು ಬದಿಗಿಟ್ಟು, ಎರಡೂ ಕೈಗಳನ್ನು ಮೊಣಕೈವರೆಗೆ ಐಸಿನೊಳಗೆ ಇಳಿಸಿದಳು. ಸೊಂಟದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವಳು ಬಂಗಡೆ ಎಣಿಸುವುದನ್ನು ನಿಲ್ಲಿಸಲಿಲ್ಲ.