ನೆನಪಿನಕ್ಕ ಬಾಯಿ ತೆರೆದದ್ದು

ಮೂವತ್ತೊಂದು ವರ್ಷ ಸಿನಿಮಾ ಸೆಟ್ಟಿನಲ್ಲಿ ಅವರ ಕೆಲಸ ಒಂದೇ, ನೆನಪಿಟ್ಟುಕೊಳ್ಳುವುದು. ನಾಯಕ ಲೋಟ ಹಿಡಿದದ್ದು ಎಡಗೈಯಲ್ಲೋ ಬಲಗೈಯಲ್ಲೋ, ನಾಯಕಿಯ ಜಡೆ ಹೆಗಲ ಮುಂದಿತ್ತೋ ಹಿಂದಿತ್ತೋ ಎಂದು ಬರೆದಿಟ್ಟು, ವಾರ ಬಿಟ್ಟು ಅದೇ ದೃಶ್ಯ ಮುಂದುವರಿಸುವಾಗ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಾಯುವುದು. ಎಲ್ಲರಿಗೂ ಅವರು ‘ನೆನಪಿನಕ್ಕ’. ತೆರೆಯ ಮೇಲೆ ಅವರ ಹೆಸರು ಬರುವ ಹೊತ್ತಿಗೆ ಜನ ಕತ್ತಲಲ್ಲಿ ಚಪ್ಪಲಿ ತಡಕುತ್ತಿರುತ್ತಿದ್ದರು.

ನಿವೃತ್ತಿಯಾಗಿ ಎರಡು ತಿಂಗಳು. ಕೈಗೆ ಬಿಡುವು ಸಿಕ್ಕಿತೇ ಹೊರತು ಕಣ್ಣಿಗೆ ಸಿಗಲಿಲ್ಲ. “ನಿನ್ನೆ ಈ ಸ್ಟೂಲು ಕಿಟಕಿ ಕಡೆ ಇತ್ತಲ್ಲ?” ಎಂದು ಕೇಳಿ ಕೇಳಿ ಮನೆಯವರನ್ನು ಹೈರಾಣಾಗಿಸಿದ್ದರು. ಕೊನೆಗೆ ಸೊಸೆಯೇ ಉಪಾಯ ಹೂಡಿದಳು. ಆನ್‌ಲೈನಿನಲ್ಲಿ ಗುಂಡು ಹಾರಿಸುವ ಕಾಳಗದಾಟ ಆಡುವ ಅವಳ ಐವರ ತಂಡದಿಂದ ಒಬ್ಬಳು ಹೆರಿಗೆಗೆಂದು ಹೋಗಿದ್ದಳು.

“ಬನ್ನಿ ಅತ್ತೆ. ಗಾಯ ಆದವರಿಗೆ ಪಟ್ಟಿ ಕಟ್ಟೋ ಪಾತ್ರ. ಹಿಂದೆ ಹಿಂದೆ ಇದ್ರೆ ಸಾಕು.”

“ಜೀವಮಾನವಿಡೀ ಅದೇ ತಾನೆ ಮಾಡಿದ್ದು! ಇಲ್ಲೂ ಹೀರೋಗೆ ಶಿಳ್ಳೆ, ನಮಗೆ ಅವನ ಬೆನ್ನು!”

ಹಾಗೆಂದರೂ ವಾರದೊಳಗೆ ಬೆರಳು ಪಳಗಿದವು. ಐದು ಜನ, ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ಉಸಿರು ಬಿಗಿಹಿಡಿದು ಒಂದು ಸನ್ನೆಗೆ ಕಾಯುವುದು. ಥೇಟ್ ಶಾಟ್‌ಗೆ ಮುಂಚಿನ ಕ್ಷಣ. ಮತ್ತೆ ಯಾರೋ ತಮಗಾಗಿ ಕಾಯುತ್ತಾರೆ ಎಂಬ ಸುಖ ಅವರಿಗೆ ಊಟದಷ್ಟೇ ರುಚಿಸಿತು.

ಆದರೆ ಒಂದು ರಜೆಯ ಮಧ್ಯಾಹ್ನ ತಂಡದ ನಾಯಕ, ವೃತ್ತಿಯಲ್ಲಿ ಬಸ್ ಡ್ರೈವರ್, ಹೆಡ್‌ಫೋನಿನಲ್ಲಿ ನೇರವಾಗಿಯೇ ಹೇಳಿದ: “ಇವತ್ತು ಎರಡು ಪಂದ್ಯ. ಅಮ್ಮ ಹೊಂದಿಕೊಂಡ್ರೆ ಸರಿ. ಇಲ್ಲಾಂದ್ರೆ ಮುಂದಿನ ವಾರದಿಂದ ನನ್ನ ಭಾವಮೈದ ಬರ್ತಾನೆ. ಬೇಜಾರು ಮಾಡ್ಕೋಬೇಡಿ.”

ಮೊದಲ ಪಂದ್ಯದಲ್ಲಿ ತಂಡ ಮಣ್ಣು ಮುಕ್ಕಿತು. ಶತ್ರುಗಳು ದಾಳಿಯಿಟ್ಟ ಮೂರು ಸಲವೂ ಬೆನ್ನ ಹಿಂದಿನಿಂದಲೇ ಹೊಡೆದಿದ್ದರು.

“ಅದಿರ್ಲಿ,” ನೆನಪಿನಕ್ಕ ಆಟದ ನಡುವೆ ಬರೆದಿಟ್ಟ ಚೀಟಿಯನ್ನು ಸೊಸೆಯ ಮುಂದೆ ಹಿಡಿದರು. “ಈ ಆಟ ಮಾಡಿದವರಿಗೆ ಚೂರೂ ಶಿಸ್ತಿಲ್ಲ. ನೋಡು, ಹಳದಿ ಮನೆ ಬಾಗಿಲು ಮುಚ್ಚಿತ್ತು, ಆಮೇಲೆ ತೆರೆದಿತ್ತು. ಗೋದಾಮಿನ ದೀಪ ಉರೀತಿತ್ತು, ಆಮೇಲೆ ಆರಿತ್ತು. ಅವರಿಗೊಂದು ಕಾಗದ ಬರೀಬೇಕು.”

ಸೊಸೆ ಓದಿದಳು. ಹೊಟ್ಟೆ ಹಿಡಿದು ನಕ್ಕಳು.

“ಅಯ್ಯೋ ಅತ್ತೆ, ಇದು ಅವರ ತಪ್ಪಲ್ಲ! ಬಾಗಿಲು ತಾನಾಗಿ ತೆರೆಯುತ್ತಾ? ಒಳಗೆ ಯಾರೋ ಹೊಕ್ಕಿದಾರೆ ಅಂತ. ಅವರೇ ನಮ್ಮನ್ನ ಹೊಡೆದದ್ದು. ಆಗಲೇ ಯಾಕೆ ಹೇಳ್ಲಿಲ್ಲ?”

“ಶಾಟ್ ನಡೀವಾಗ ಬಾಯಿ ತೆರೀಬಾರ್ದು ಕಣೆ. ಕಟ್ ಅಂದಮೇಲೆ ಹೇಳೋದು.”

“ಇಲ್ಲಿ ಕಟ್ ಅಂದ್ರೆ ನಾವು ಸತ್ತೆವು ಅಂತ. ಕಂಡ ತಕ್ಷಣ ಕೂಗಿ.”

ಹೇಳುವುದು ಸುಲಭ. ಎರಡನೇ ಪಂದ್ಯದ ಕೊನೆಗೆ ಇವರಲ್ಲಿ ಮೂವರು, ಎದುರಾಳಿಗಳಲ್ಲಿ ಇಬ್ಬರು ಉಳಿದರು. ಡ್ರೈವರ್ ಓಣಿಯಲ್ಲಿ ಮುಂದೆ ಸಾಗುತ್ತಿದ್ದ. ನೆನಪಿನಕ್ಕನಿಗೆ ಕಂಡಿತು. ಕೂಗುವ ಬದಲು ಕೈ ಪೆನ್ನಿನತ್ತ ಹೋಯಿತು. ಮೂವತ್ತೊಂದು ವರ್ಷ ಶಾಟ್ ನಡುವೆ ಕೆಮ್ಮನ್ನೂ ನುಂಗಿ ಕುಳಿತವರು ಅವರು. ಡ್ರೈವರ್ ಇನ್ನೆರಡು ಹೆಜ್ಜೆ ಇಟ್ಟ.

“ನಿಲ್ಲಪ್ಪಾ! ಎಡಗಡೆ ನೀಲಿ ಪರದೆ! ಪೂರ್ತಿ ಎಳೆದಿತ್ತು, ಈಗ ಒಂದು ಗೇಣು ಸರಿದಿದೆ!”

ತಮ್ಮ ದನಿಗೆ ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು. ಡ್ರೈವರ್ ಗಕ್ಕನೆ ತಿರುಗಿ ಗುಂಡು ಹಾರಿಸಿದ. ಪರದೆಯ ಹಿಂದೆ ಇಬ್ಬರೂ ಇದ್ದರು. ಪಂದ್ಯ ಇವರದಾಯಿತು.

“ಅಮ್ಮಾ,” ಎಂದ ಡ್ರೈವರ್, “ನೀವು ನನ್ನ ಬಸ್ಸಲ್ಲಿ ಕೂತ್ರೆ ಕನ್ನಡಿನೇ ಬೇಡ. ಭಾವಮೈದ ಮನೇಲೇ ಇರ್ಲಿ ಬಿಡಿ.”

ಖುಷಿಗೆ ಇನ್ನೊಂದು ಆಟ ಶುರುವಾಯಿತು. ನೆನಪಿನಕ್ಕ ಬೆಕ್ಕು ಕಂಡರೂ ಕೂಗಿದರು, ಬಕೆಟ್ಟು ಕಂಡರೂ ಕೂಗಿದರು.

“ಅಮ್ಮಾ, ಸ್ವಲ್ಪ ಉಸಿರಾದ್ರೂ ತಗೊಳ್ಳಿ!”

“ಸುಮ್ನಿರಪ್ಪಾ. ಮೂವತ್ತೊಂದು ವರ್ಷದ ಮಾತಿದೆ,” ಎಂದವರೇ ಮತ್ತೆ ಕೂಗಿದರು, “ಬಲಗಡೆ! ಏಣಿ!”