ಹೆಡ್ಮೇಷ್ಟ್ರ ಬೆನ್ನಿನ ಮತ್ಸ್ಯಕನ್ಯೆ

ಮೂವತ್ತು ವರ್ಷದಿಂದ ಅದೇ ಬೀದಿಯಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಅವನಿಗೆ ಗಿರಾಕಿಗಳ ಮುಖಕ್ಕಿಂತ ಕತ್ತಿನ ಹಿಂಭಾಗವೇ ಹೆಚ್ಚು ಪರಿಚಯ. ಬಸ್ಸಿನಲ್ಲಿ ಮುಂದಿನ ಸೀಟಿನವರನ್ನು ಹಿಂದಿನಿಂದಲೇ ಗುರುತು ಹಿಡಿದು ಮಾತಾಡಿಸುವನು. ಅವರೇ ಎದುರು ಸಿಕ್ಕರೆ, ಪಾಪ, ಯಾರೆಂದು ತಡಕಾಡುವನು.

ಒಂದು ಮಂಗಳವಾರ ಅಂಗಡಿಗೆ ರಜೆ. ಹೆಂಡತಿ ಅವನನ್ನು ಮ್ಯೂಸಿಯಮ್ಮಿನ ಹಚ್ಚೆ ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ಗೋಡೆ ತುಂಬ ಆಳೆತ್ತರದ ಫೋಟೋಗಳು: ತೋಳು, ಮೀನಖಂಡ, ಬೆನ್ನು. ಅವಳು ಗೆರೆ, ಬಣ್ಣ ನೋಡುತ್ತ ಬೆರಗಾಗಿ ನಿಂತರೆ, ಇವನು ಪ್ರತಿ ಫೋಟೋಗೂ ಮೂಗು ತಾಗಿಸಿ, ಹಚ್ಚೆ ಕಾಣಲೆಂದು ಕೂದಲು ಬೋಳಿಸಿದ ಚರ್ಮ ನೋಡಿ, "ಮೊಂಡು ಬ್ಲೇಡು", "ನೊರೆ ಸಾಲದು" ಎಂದು ಗೊಣಗುತ್ತಿದ್ದ.

ಕೊನೆಯ ಗೋಡೆಯಲ್ಲಿ ಒಂದು ಅಗಲವಾದ ಬೆನ್ನು. ಭುಜದಿಂದ ಸೊಂಟದವರೆಗೆ ಮತ್ಸ್ಯಕನ್ಯೆ. ಬಾಲದ ಒಂದೊಂದು ಹುರುಪೆಗೂ ಒಂದೊಂದು ನೀಲಿ. ಅಂಥವನೂ ತಲೆದೂಗಿದ. ಅಷ್ಟರಲ್ಲಿ ಮತ್ಸ್ಯಕನ್ಯೆಯ ಮೂಗಿನ ಕೆಳಗೆ ಬೋಳಿಸದೆ ಬಿಟ್ಟ ಕೂದಲು ಕಂಡಿತು. ಕಣ್ಣು ಮೇಲಕ್ಕೆ ಹೋಯಿತು. ಕತ್ತಿನಲ್ಲಿ ಜೋಡಿ ಸುಳಿ, ಪಕ್ಕಕ್ಕೊಂದು ಮಚ್ಚೆ.

"ಲೇ, ಇದು ನಮ್ಮ ಹೆಡ್ಮೇಷ್ಟ್ರು ಕಣೇ!"

"ಸುಮ್ನಿರ್ರೀ. ಅವರು ನಕ್ಕಿದ್ದನ್ನೇ ಯಾರೂ ನೋಡಿಲ್ಲ. ಇದನ್ನ ಹಾಕಿಸ್ಕೋತಾರಾ?"

"ತಿಂಗಳಿಗೊಂದ್ಸಲ ನನ್ನ ಕೈಗೆ ಬರೋ ಕತ್ತು, ನಂಗೊತ್ತಿಲ್ವಾ? ಆದ್ರೆ ಬೆನ್ನು ಬೋಳಿಸಿದವನು ಯಾವನೋ ಕಟುಕ. ನೋಡು, ಪಾಪದ ಹುಡುಗಿಗೆ ಮೀಸೆ ಬಿಟ್ಟಿದ್ದಾನೆ!"

ಹಿಂದೆ ಯಾರೋ ಕೆಮ್ಮಿದರು. ಟೋಪಿ, ಕಪ್ಪು ಕನ್ನಡಕದ ಒಬ್ಬರು ನಿಂತಿದ್ದರು.

"ಸ್ವಲ್ಪ ಮೆತ್ತಗೆ ಮಾತಾಡಪ್ಪ. ಬೋಳಿಸ್ಕೊಂಡಿದ್ದು ನಾನೇ. ಎರಡು ಕನ್ನಡಿ ಇಟ್ಕೊಂಡು."

ಇವನು ಮಿಕಿಮಿಕಿ ನೋಡಿದ. "ಸಾರ್, ಒಂದ್ನಿಮಿಷ ಆ ಕಡೆ ತಿರುಗ್ತೀರಾ?"

ಅವರು ತಿರುಗಿದರು.

"ಓಹೋ, ನಮಸ್ಕಾರ ಹೆಡ್ಮೇಷ್ಟ್ರೇ!"

ಮೀಸೆಯ ದೆಸೆಯಿಂದ ಮ್ಯೂಸಿಯಮ್ಮಿನವರು ಇನ್ನೊಮ್ಮೆ ಫೋಟೋ ಕೇಳಿದ್ದರಂತೆ. ಮರುವಾರದ ರಜೆಯ ದಿನ ಅಂಗಡಿಯ ಶಟರ್ ಇಳಿಸಿ, ಹೆಡ್ಮೇಷ್ಟ್ರ ಅಂಗಿ ಬಿಚ್ಚಿಸಿ, ಬೆನ್ನಿಗೆ ಬ್ರಷ್ ತಾಗಿಸಿದ್ದೇ ತಡ, ಆ ಗಂಭೀರ ಮನುಷ್ಯ ಕಿಸಕ್ಕೆಂದರು. "ಅಯ್ಯಯ್ಯೋ! ಅಲ್ಲಿ ಬೇಡ ಕಣಪ್ಪಾ, ಹ್ಹಿಹ್ಹಿಹ್ಹೀ!" ಕುರ್ಚಿಯೇ ಕುಲುಕಾಡಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ಒಳಗ್ಯಾರಮ್ಮಾ?" ಎಂದು ಪಕ್ಕದಂಗಡಿಯ ದರ್ಜಿ ಕೇಳಿದ.

ಹೊರಗೆ ಕಾವಲು ಕೂತಿದ್ದ ಹೆಂಡತಿ ಮುಖ ಗಂಟಿಕ್ಕಿಕೊಂಡೇ ಹೇಳಿದಳು: "ಯಾರದೋ ಮಗು. ಮೊದಲನೇ ಸಲ ಬಂದಿದೆ."

ಹೊಸ ಫೋಟೋ ಗೋಡೆಗೇರಿದ ದಿನ ಅವನು ಅದರ ಮುಂದೆ ಅರ್ಧ ಗಂಟೆ ನಿಂತ. ಪಕ್ಕದಲ್ಲಿದ್ದ ಹೆಂಗಸು, "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು.

"ನುಣ್ಣಗೆ ಬಂದಿದೆ," ಎಂದ ಅವನು ಹೆಮ್ಮೆಯಿಂದ. "ಹಚ್ಚೆನೂ ಪರವಾಗಿಲ್ಲ."