ಅಂದಾಜಿನಲ್ಲಿ ಬಿಟ್ಟುಹೋದ ಸಂಬಳ

ಟೇಪಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರೇ ಇಲ್ಲ. ಮನೆಯಲ್ಲಿ ಅವಳು, ಅತ್ತೆ, ಓದುವ ಮಗಳು. ಒಲೆ ಉರಿಯುವುದು ಅವಳೊಬ್ಬಳ ದುಡಿಮೆಯಿಂದ. ಹತ್ತೊಂಬತ್ತು ವರ್ಷ ಇನ್ನೊಬ್ಬರ ಟೈಲರಿಂಗ್ ಅಂಗಡಿಯಲ್ಲಿ ಹೊಲಿದವಳು ಈಗ ಸ್ವಂತ ಅಂಗಡಿ ಹಾಕಿಯೇ ಸಿದ್ಧ ಎಂದು ಪಟ್ಟು ಹಿಡಿದಿದ್ದಳು. ಮೂಲೆಯ ಮಳಿಗೆಯ ಮಾಲೀಕ ಸೋಮವಾರದವರೆಗೆ ಮಾತ್ರ ಕಾಯುತ್ತೇನೆಂದಿದ್ದ. ತಪ್ಪಿದರೆ ಅದು ಬೇರೆಯವರ ಪಾಲು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಬ್ರೌನ್ ಪೇಪರ್ ಹಾಸಿ ಖರ್ಚಿನ ಅಂದಾಜು ಬರೆಯಲು ಕೂತಳು. ಅಡ್ವಾನ್ಸ್, ಬಾಡಿಗೆ, ಎರಡು ಹೊಸ ಮಷೀನು, ಇಸ್ತ್ರಿ ಪೆಟ್ಟಿಗೆ, ನಿಲುಗನ್ನಡಿ, ಲೈಟು ಹಾಕಿದ ಬೋರ್ಡು. ಗುಂಡಿ, ದಾರ, ಸೂಜಿಯನ್ನೂ ಬಿಡಲಿಲ್ಲ. ಕೂಡಿದರೆ ಎರಡು ಲಕ್ಷದ ನಲವತ್ತು ಸಾವಿರ. ಅವಳ ಉಳಿತಾಯವೂ ಸರಿಯಾಗಿ ಅಷ್ಟೇ.

"ನೋಡಿ ಅತ್ತೆ, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಮ್ಮಿ ಇಲ್ಲ!"

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಓದಿದರು.

"ಸೂಜಿನೂ ಬರ್ದಿದ್ದೀಯಲ್ಲೇ. ನಿನ್ನ ಸಂಬಳ ಎಲ್ಲಿ?"

"ನನ್ನ ಅಂಗಡೀಲಿ ನನಗ್ಯಾವ ಸಂಬಳ?"

"ಹಾಗಾದ್ರೆ ಗಿರಾಕಿ ಬರೋವರೆಗೂ ನಾವು ಮೂರೂ ಜನ ದಾರ ತಿನ್ನೋದಾ?"

ಟೇಪಕ್ಕ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಕೆಲಸಕ್ಕೆ ಹೊಸದಾಗಿ ಸೇರಿದವರು ಮೈಯಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿದರೆ ಕೆಂಡಾಮಂಡಲವಾಗುತ್ತಿದ್ದವಳು ಇವಳೇ. "ಹೊಲಿಗೆಗೆ ಬಟ್ಟೆ ಯಾರು ಬಿಡ್ತಾರೆ? ನಾಳೆ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡೋಕೆ ಒಳಗೇನಿದೆ?" ಈಗ ತಾನೇ ಅಂಗಡಿಯನ್ನು ಮೈಯಳತೆಗೆ ಕತ್ತರಿಸಿ ಬೀಗುತ್ತಿದ್ದಾಳೆ. ನಾಚಿ ಪೆನ್ನು ಕೆಳಗಿಟ್ಟಳು.

"ಬಿಟ್ಬಿಡ್ತೀಯೇನೆ?" ಅತ್ತೆಯ ದನಿ ಮೆತ್ತಗಾಯಿತು.

"ಬಿಡೋ ಮಾತೇ ಇಲ್ಲ. ಮತ್ತೆ ಕತ್ತರಿಸ್ತೀನಿ."

ಪೇಪರ್ ಮಗುಚಿ ಹಾಕಿದಳು. ಲೈಟಿನ ಬೋರ್ಡು ಹೋಯಿತು. ಬಟ್ಟೆಯ ಮೇಲೆ ಅಕ್ಷರ ಹೊಲಿದು ನೇತುಹಾಕಿದರೆ ಸಾಕು. ಹೊಸ ಮಷೀನುಗಳೂ ಹೋದವು. ಮಧ್ಯಾಹ್ನವೇ ಹಳೆಯ ಅಂಗಡಿಯ ಮಾಸ್ತರರ ಮನೆಗೆ ಹೋಗಿ, ತಾನು ಇಷ್ಟು ವರ್ಷ ತುಳಿದ ಕಾಲುಮಷೀನನ್ನು ಚೌಕಾಸಿ ಮಾಡಿ ಕಾಲು ಬೆಲೆಗೆ ಕೊಡಲು ಒಪ್ಪಿಸಿ ಬಂದಳು. ನಿಲುಗನ್ನಡಿಯ ಬದಲು ಮನೆಯ ಬೀರುವಿನ ಕನ್ನಡಿ ಬಿಚ್ಚುವುದೆಂದಾಯಿತು.

"ನಾನು ಮುಖ ಎಲ್ಲಿ ನೋಡ್ಕೊಳ್ಳಲಿ?" ಎಂದರು ಅತ್ತೆ.

"ಅಂಗಡಿಗೆ ಬನ್ನಿ. ಗಿರಾಕಿ ಇದ್ದ ಹಾಗೂ ಕಾಣುತ್ತೆ."

ಸೋಮವಾರ ಮಳಿಗೆಯ ಮಾಲೀಕ ಅಡ್ವಾನ್ಸ್ ಎಣಿಸಿಕೊಳ್ಳುತ್ತಾ, ಅವಳ ಕೈಯಲ್ಲಿದ್ದ ಪೇಪರಿನತ್ತ ಇಣುಕಿದ.

"ಏನಮ್ಮ, ಮೊದಲನೇ ಸಾಲಲ್ಲೇ ನಾಲ್ಕು ತಿಂಗಳ ಸಂಬಳ ಅಂತಿದೆ? ಅಂಗಡಿ ತೆರೆಯೋ ಮೊದಲೇ ಆಳು ಗೊತ್ತು ಮಾಡಿದ್ದೀರಾ?"

"ಹೂಂ. ಹತ್ತೊಂಬತ್ತು ವರ್ಷ ಕೆಲಸ ಮಾಡಿದೋಳು," ಎಂದು ಟೇಪಕ್ಕ ಬೀಗದಕೈಗೆ ಕೈಚಾಚಿದಳು. "ಬಿಟ್ಟಿ ದುಡಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ."